ಸಿನಿಮಾ ಬಂತು, ಕಾಲುದಾರಿ ತುಂಬಿತು

ಅಮೆರಿಕದಲ್ಲಿ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಎಂಬ ಕಾಲುದಾರಿಯಿದೆ. ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿವರೆಗೆ ಸುಮಾರು 4,265 ಕಿ.ಮೀ. ತಾಯಿಯನ್ನು ಕಳೆದುಕೊಂಡಿದ್ದ ಶೆರಿಲ್ ಸ್ಟ್ರೇಯ್ಡ್ 1995ರಲ್ಲಿ ಇದರಲ್ಲಿ ಸುಮಾರು 1,770 ಕಿ.ಮೀ. ಒಬ್ಬರೇ ನಡೆದರು. 2012ರಲ್ಲಿ ಆ ಕಥೆ ‘ವೈಲ್ಡ್’ ಪುಸ್ತಕವಾಯಿತು, 2014ರ ಡಿಸೆಂಬರ್‌ನಲ್ಲಿ ಸಿನಿಮಾ.

ಅಷ್ಟುದ್ದದ ದಾರಿಯಲ್ಲಿ ನೂಕುನುಗ್ಗಲು ಎಲ್ಲಿಂದ ಬಂತು ಅಂತ ನಮಗೂ ಅನ್ನಿಸಿತ್ತು. ತೊಡಕಿರುವುದು ಶುರುವಿನಲ್ಲೇ. ಬೇಗ ಹೊರಟರೆ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಹಿಮ ಕರಗಿರುವುದಿಲ್ಲ; ತಡವಾದರೆ ಕೆನಡಾ ಮುಟ್ಟುವ ಮೊದಲೇ ಮತ್ತೆ ಹಿಮ. ಹಾಗಾಗಿ ಪೂರ್ತಿ ನಡೆಯುವವರಲ್ಲಿ ಹೆಚ್ಚಿನವರು ಏಪ್ರಿಲ್ ಆಸುಪಾಸಿನಲ್ಲಿ, ದಕ್ಷಿಣದ ತುದಿಯಿಂದಲೇ ಹೊರಡುತ್ತಾರೆ. ಅದು ಒಣ ಸೀಮೆ. ನೀರಿದ್ದ ಕಡೆಯೇ ಎಲ್ಲರ ಡೇರೆ, ಹತ್ತಿರದಲ್ಲೇ ಬಹಿರ್ದೆಸೆ. ಜಾತ್ರೆಯ ಮರುದಿನ ಕೆರೆದಂಡೆ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ದೂರದ ನಡಿಗೆಗೆ 2013ರಲ್ಲಿ ಕೊಟ್ಟ ಪರವಾನಗಿ 1,879, 2015ರಲ್ಲಿ 4,453. ಆ ವರ್ಷ ದಕ್ಷಿಣದ ತುದಿಯಿಂದ ದಿನಕ್ಕೆ 50 ಮಂದಿ ಎಂಬ ಮಿತಿ ಬಂತು. ಎಲ್ಲವನ್ನೂ ಸಿನಿಮಾದ ತಲೆಗೆ ಕಟ್ಟಲಾರೆವು; ಪುಸ್ತಕ ಆಗಲೇ ಬಹಳ ಜನರನ್ನು ಎಬ್ಬಿಸಿತ್ತು. ಅಂದಹಾಗೆ, ಶೆರಿಲ್ ಆ ತುದಿಯಿಂದ ಹೊರಟವರೇ ಅಲ್ಲ. ಮೊಹಾವೆ ಪಟ್ಟಣದ ಕಡೆಯಿಂದ ದಾರಿ ಹಿಡಿದು, ಸಿಯೆರಾದ ಹಿಮ ತುಂಬಿದ ಭಾಗವನ್ನು ನಡೆಯದೆ ಬಸ್ಸು ಹತ್ತಿದ್ದರು.