ಸಾಲು ಎಣಿಸಿದ ಹುಡುಗ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳ ಯಾವುದೇ ಊರಿನಲ್ಲಿ ಬೆಳೆದವರಿಗೂ ಒಂದು ಬಗೆಯ ಮನುಷ್ಯನ ಪರಿಚಯ ಇದ್ದೀತು. ಅವನು ಎದುರಿಗಿದ್ದವರ ಮುಖವನ್ನು ನೇರವಾಗಿ ನೋಡಿ ಮಾತನಾಡುವುದಿಲ್ಲ. ಚೇಷ್ಟೆಗೆ ಆಡಿದ ಮಾತನ್ನು ನಿಜವೆಂದೇ ತಿಳಿಯುತ್ತಾನೆ. ಮದುವೆಮನೆಯ ಗದ್ದಲ ತಾಳಲಾರದೆ ಕಿವಿ ಮುಚ್ಚಿಕೊಂಡು ಹೊರಗೆ ಬಂದು ನಿಲ್ಲುತ್ತಾನೆ. ಆದರೆ ಇಂಡಿ ರೋಡ್ ನಿಲ್ದಾಣದಲ್ಲಿ ನಿಲ್ಲುವ ರೈಲುಗಳ ವೇಳೆಯನ್ನೆಲ್ಲ ತಪ್ಪದೆ ಹೇಳಬಲ್ಲನು. ಯಾವ ವರ್ಷದ ಯುಗಾದಿ ಯಾವ ವಾರ ಬಂದಿತ್ತೆಂಬುದನ್ನು ಪಂಚಾಂಗ ತೆರೆಯದೆ ತಿಳಿಸಬಲ್ಲನು. ಊರವರು ‘ಅರೆಮರುಳ’ ಎಂದು ನಕ್ಕು ಸುಮ್ಮನಾಗುತ್ತಾರೆ. ಹೆಣ್ಣುಮಗಳಾದರೆ ‘ಬಹಳ ನಾಚಿಕೆಯವಳು’ ಎಂದು ಬಿಡುತ್ತಾರೆ. ಎಳೆಯ ವಯಸ್ಸಿನಲ್ಲಿ ಈ ನಗೆ ಅಷ್ಟಾಗಿ ನೋಯಿಸಲಿಕ್ಕಿಲ್ಲ. ಆದರೆ ಹುಡುಗ ಗಂಡಸಾಗುತ್ತಾನೆ, ತಂದೆತಾಯಿಗಳು ಮುದುಕರಾಗುತ್ತಾರೆ. ‘ಇವನು ಮುಂದೆ ಏನು ಮಾಡಿ ಉಣ್ಣಬೇಕು?’ ಎಂಬ ಪ್ರಶ್ನೆ ಬಂದು ಹೊಸ್ತಿಲಲ್ಲಿ ಕೂಡುತ್ತದೆ. ಶ್ರೋತೃಗಳೆ, ಇಂದಿನ ನನ್ನ ಮಾತು ಆ ಪ್ರಶ್ನೆಯ ಚರಿತ್ರೆಯನ್ನು ಕುರಿತದ್ದು.

ಈ ಬಗೆಯ ಮನಸ್ಸಿಗೆ ವೈದ್ಯಶಾಸ್ತ್ರವು ಹೆಸರಿಟ್ಟು ಇನ್ನೂ ನೂರು ವರ್ಷಗಳು ತುಂಬಿದ್ದರೆ ಹೆಚ್ಚು. ಗ್ರುನ್ಯಾ ಸುಖರೇವಾ ಎಂಬ ರಷ್ಯದ ವೈದ್ಯೆ 1925ರಲ್ಲಿ ಇಂಥ ಆರು ಹುಡುಗರ ಸ್ವಭಾವವನ್ನು ವರ್ಣಿಸಿದಳು. ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದನು. ನಾವು ಸ್ವಲೀನತೆ ಅಥವಾ ಆಟಿಸಂ ಎನ್ನುವುದು ಅಲ್ಲಿಂದ ಪ್ರಸಿದ್ಧಿಗೆ ಬಂದಿತು. ಮರುವರ್ಷವೇ ವಿಯೆನ್ನಾದ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಗರ್ ನಾಲ್ವರು ಹುಡುಗರ ವೃತ್ತಾಂತವನ್ನು ಪ್ರಕಟಿಸಿದನು. ಇವರು ಮಾತು ಬಲ್ಲವರು, ಬುದ್ಧಿಯಲ್ಲಿ ಚುರುಕಾದವರು. ಆದರೆ ಜನರ ನಡುವೆ ಬಾಳುವ ಬಗೆ ಇವರಿಗೆ ತಿಳಿಯದು. ಇಂಥವರು ಬೆಳೆದು ತಮಗೊಪ್ಪುವ ಉದ್ಯೋಗದಲ್ಲಿ ನೆಲೆ ನಿಲ್ಲಬಲ್ಲರೆಂದು ಆತನು ನಂಬಿದ್ದನು. ಬಾಲ್ಯದಿಂದಲೂ ಲೆಕ್ಕದಲ್ಲಿಯೇ ಮುಳುಗಿದ್ದು ಮುಂದೆ ಖಗೋಳಶಾಸ್ತ್ರದ ಅಧ್ಯಾಪಕನಾದ ಒಬ್ಬನನ್ನು ಅದಕ್ಕೆ ನಿದರ್ಶನವಾಗಿ ಕೊಟ್ಟಿದ್ದನು.

ಇಂಗ್ಲೆಂಡಿನ ಲೋರ್ನಾ ವಿಂಗ್ 1981ರಲ್ಲಿ ಆ ಮರೆತ ಬರಹವನ್ನು ನೆನಪಿಗೆ ತಂದು ‘ಆಸ್ಪರ್ಗರ್ ಲಕ್ಷಣಕೂಟ’ ಎಂಬ ಹೆಸರನ್ನು ರೂಢಿಗೆ ತಂದಳು. ಅಮೆರಿಕದ ಮನೋವೈದ್ಯರ ಕೈಪಿಡಿ 1994ರಲ್ಲಿ ಆ ಹೆಸರನ್ನು ಸೇರಿಸಿಕೊಂಡು, 2013ರಲ್ಲಿ ಕೈಬಿಟ್ಟು, ಎಲ್ಲವನ್ನೂ ಸ್ವಲೀನತೆಯ ಒಂದೇ ವಿಶಾಲ ಹರವಿನಲ್ಲಿ ಅಡಕಮಾಡಿತು. ಹೆಸರಿಗೆ ಇನ್ನೊಂದು ಕಳಂಕವೂ ಅಂಟಿತು. ನಾಟ್ಸಿ ಆಳ್ವಿಕೆಯಲ್ಲಿ ಆಸ್ಪರ್ಗರನು ಕೆಲವು ಮಕ್ಕಳನ್ನು ಷ್ಪೀಗೆಲ್‌ಗ್ರುಂಡ್ ಎಂಬ ಸಂಸ್ಥೆಗೆ ಕಳುಹಿಸಿದ್ದನೆಂಬುದನ್ನು ಇತಿಹಾಸಕಾರ ಹೆರ್ವಿಗ್ ಚೆಖ್ 2018ರಲ್ಲಿ ದಾಖಲೆಗಳಿಂದ ತೋರಿಸಿದನು. ಅಲ್ಲಿ ಸುಮಾರು 800 ಮಕ್ಕಳು ಸತ್ತರು. ಹೀಗೆ ಹೆಸರು ಬಂದಿತು, ಹೋಯಿತು. ಮನುಷ್ಯರು ಮಾತ್ರ ಇದ್ದಲ್ಲಿಯೇ ಇದ್ದಾರೆ.

ಈ ಮನುಷ್ಯರಲ್ಲಿ ಒಬ್ಬನ ಬಾಳನ್ನು ನಮ್ಮ ಎರಿ ಭೂಮಿಯ ಒಕ್ಕಲು ಮಕ್ಕಳಿಗೆ ವಿಶೇಷವಾಗಿ ಹೇಳಬೇಕೆನಿಸುತ್ತದೆ. ಅವನು ಕ್ಯಾನರನ ಹನ್ನೊಂದು ಮಕ್ಕಳಲ್ಲಿ ಮೊದಲನೆಯವನು. ಹೆಸರು ಡೊನಾಲ್ಡ್ ಟ್ರಿಪ್ಲೆಟ್. 1933ರಲ್ಲಿ ಅಮೆರಿಕದ ಮಿಸಿಸಿಪಿ ಪ್ರಾಂತದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ವೈದ್ಯರ ಸಲಹೆಯಂತೆ ತಂದೆತಾಯಿಗಳು ಅವನನ್ನು ನಾಲ್ಕು ತುಂಬುವ ಮೊದಲೇ ಒಂದು ಸಂಸ್ಥೆಗೆ ಸೇರಿಸಿದರು. ಅಲ್ಲಿ ಅವನು ಬಾಡಿಹೋದನು. ಮರುವರ್ಷ ಮನೆಗೆ ಕರೆತಂದರು. ಕೆಲವು ವರ್ಷಗಳ ಮೇಲೆ ಊರಿಂದ ಹತ್ತು ಮೈಲು ದೂರದಲ್ಲಿದ್ದ ರೈತ ದಂಪತಿಗಳ ಬಳಿ ಬಿಟ್ಟರು.

ಆ ರೈತರು ಓದಿದವರಲ್ಲ. ಆದರೆ ಹುಡುಗನನ್ನು ಓದಿಕೊಂಡರು. ಅವನಿಗೆ ಏನನ್ನಾದರೂ ಅಳೆಯುವ ಹುಚ್ಚಿತ್ತು. ‘ಹಾಗಾದರೆ ಬಾವಿ ತೋಡು, ಎಷ್ಟು ಆಳವಾಯಿತೆಂದು ಹೇಳು’ ಎಂದರು. ಗೋವಿನಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುವ ಚಟವಿತ್ತು. ಅದನ್ನು ಬಿಡಿಸಲು ಹೋಗದೆ, ಕೈಗೆ ನೇಗಿಲು ಕೊಟ್ಟು ‘ಉಳುತ್ತ ಎಣಿಸು’ ಎಂದರು. 1945ರಲ್ಲಿ ಕ್ಯಾನರ್ ಅಲ್ಲಿಗೆ ಹೋದಾಗ ಹುಡುಗನು ಕುದುರೆ ಹೂಡಿದ ನೇಗಿಲು ಹಿಡಿದು ಆರು ಉದ್ದನೆಯ ಸಾಲು ಹೊಡೆದು ತೋರಿಸಿದನು. ಮುಂದೆ ಅವನು ಕಾಲೇಜಿನಲ್ಲಿ ಓದಿ 1958ರಲ್ಲಿ ಪದವೀಧರನಾದನು. ಮನೆತನದ ಬ್ಯಾಂಕಿನಲ್ಲಿ ಬಹುಕಾಲ ದುಡಿದನು. ಕಾರು ಓಡಿಸಿದನು, ದೇಶಗಳನ್ನು ಸುತ್ತಿದನು. 2023ರಲ್ಲಿ ತನ್ನ ಊರಿನವರ ನಡುವೆ ತೀರಿಕೊಂಡನು. ಅವನ ಮನೆ ಸಿರಿವಂತರದೆಂಬುದನ್ನು ಮರೆಯಬಾರದು. ಆದರೆ ಕ್ಯಾನರ್ 1971ರಲ್ಲಿ ಆ ಹನ್ನೊಂದು ಮಂದಿಯ ಮುಂದಿನ ಬಾಳನ್ನು ವಿಚಾರಿಸಿ ಬರೆದದ್ದು ಕಣ್ಣು ತೆರೆಸುವಂಥದು: ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಉಳಿದವರು ಇದ್ದ ಕಳೆಯನ್ನೂ ಕಳೆದುಕೊಂಡು ಮಂಕಾಗಿದ್ದರು. ಜನರ ನಡುವೆ ಉಳಿದು, ತನ್ನ ಒಲವಿಗೆ ತಕ್ಕ ಕೆಲಸ ಸಿಕ್ಕವರು ಅರಳಿದ್ದರು. ಅವರಲ್ಲೊಬ್ಬನು ಕಚೇರಿಯಲ್ಲಿ ಪ್ರತಿ ತೆಗೆಯುವ ಯಂತ್ರದ ಮುಂದೆ ನೆಮ್ಮದಿಯಿಂದ ದುಡಿಯುತ್ತಿದ್ದನು.

ಈಗ ನಮ್ಮ ಕಡೆಗೆ ಬರೋಣ. ಮುಂಬಯಿ ಆಡಳಿತದ ಕಾಲದಲ್ಲಿ ವಿಜಾಪುರ ಸೀಮೆಯ ಹಳ್ಳಿಗಳ ಲೆಕ್ಕವೆಲ್ಲ ಕುಲಕರ್ಣಿಯ ದಫ್ತರದಲ್ಲಿತ್ತು. ಸರ್ವೆ ನಂಬರು, ಆಕಾರ, ಬಾಕಿ ಇವನ್ನು ನೆನಪಿನಿಂದಲೇ ಹೇಳುವವನಿಗೆ ಅಲ್ಲಿ ಬೆಲೆಯಿತ್ತು. ಅವನು ನಗುತ್ತಾನೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಕುರಿ ಕಾಯುವವನು, ಮಗ್ಗದ ಕುಣಿಯಲ್ಲಿ ಕೂತವನು, ಹಗ್ಗ ಹೊಸೆಯುವವನು ಇವರಿಗೂ ಮಾತಿನ ಚಾತುರ್ಯ ಬೇಕಾಗಿರಲಿಲ್ಲ. ಕೆಲಸ ತಂದೆಯಿಂದ ಮಗನಿಗೆ ಬರುತ್ತಿತ್ತು. ಸಂದರ್ಶನವೆಂಬ ಬಾಗಿಲು ನಡುವೆ ಇರಲಿಲ್ಲ. ಆ ಕಾಲವನ್ನು ನಾನು ಹೊಗಳುತ್ತಿಲ್ಲ. ಲೆಕ್ಕದಲ್ಲಿ ಜಾಣನಾದ ಕುರುಬರ ಹುಡುಗನಿಗೆ ದಫ್ತರ ಮುಟ್ಟುವ ಹಕ್ಕಿರಲಿಲ್ಲ. 1950ರ ಕಾನೂನು ಕುಲಕರ್ಣಿ ವತನವನ್ನು ತೆಗೆದುಹಾಕಿದ್ದು ನ್ಯಾಯವೇ ಆಯಿತು. ಆದರೆ ಹುಟ್ಟಿನ ಬಾಗಿಲು ಮುಚ್ಚಿದ ಮೇಲೆ ಮಾತಿನ ಬಾಗಿಲೊಂದು ತೆರೆಯಿತು. ಇಂದು ಕೆಲಸ ಬೇಡುವವನು ನಾಲ್ವರ ಮುಂದೆ ಕುಳಿತು, ಕಣ್ಣಲ್ಲಿ ಕಣ್ಣಿಟ್ಟು, ತನ್ನನ್ನು ತಾನೇ ಬಣ್ಣಿಸಿಕೊಳ್ಳಬೇಕು. ಯಾವುದು ಅವನಿಗೆ ಬಾರದೋ ಅದನ್ನೇ ಮೊದಲು ಕೇಳುತ್ತೇವೆ. ಯಾವುದು ಬರುವುದೋ ಅದನ್ನು ನೋಡುವ ಮೊದಲೇ ಹೊರಗೆ ಕಳಿಸುತ್ತೇವೆ.

ಕಾನೂನು ಸ್ವಲ್ಪ ಮುಂದೆ ಬಂದಿದೆ. 1995ರ ಅಂಗವಿಕಲರ ಅಧಿನಿಯಮದಲ್ಲಿ ಸ್ವಲೀನತೆಯ ಹೆಸರೇ ಇರಲಿಲ್ಲ. 2016ರ ಅಧಿನಿಯಮವು ಅದನ್ನು 21 ಬಗೆಯ ನ್ಯೂನತೆಗಳಲ್ಲಿ ಒಂದಾಗಿ ಎಣಿಸಿ, ಸರ್ಕಾರಿ ಹುದ್ದೆಗಳ ಶೇಕಡಾ 4ರ ಮೀಸಲಾತಿಯಲ್ಲಿ ಪಾಲು ಕೊಟ್ಟಿತು. ಉದ್ಯಮದಲ್ಲಿಯೂ ಹೊಸ ದಾರಿ ಕಂಡಿದೆ. ಡೆನ್ಮಾರ್ಕಿನ ಥೋರ್ಕಿಲ್ ಸೋನ್ನೆ ಎಂಬವನು, ತನ್ನ ಮಗನಲ್ಲಿ ಈ ಲಕ್ಷಣ ಕಂಡ ಮೇಲೆ, 2004ರಲ್ಲಿ ‘ಸ್ಪೆಷಲಿಸ್ಟರ್ನೆ’ ಎಂಬ ಸಂಸ್ಥೆಯನ್ನು ಕಟ್ಟಿದನು. ಅಲ್ಲಿ ಮಾತಿನ ಪರೀಕ್ಷೆಗಿಂತ ಕೆಲಸ ಮಾಡಿ ತೋರಿಸುವುದೇ ಮುಖ್ಯ. ಬೆಂಗಳೂರಿನ ಎಸ್‌ಎಪಿ ಕಂಪನಿಯ ಪ್ರಯೋಗಶಾಲೆಯಲ್ಲಿ ಇಂಥ ಆರು ಮಂದಿ ತಂತ್ರಾಂಶದ ದೋಷಗಳನ್ನು ಹುಡುಕುವ ಕೆಲಸದಲ್ಲಿ ನಿಂತರು. ಆ ಅನುಭವದ ಬಲದ ಮೇಲೆ ಕಂಪನಿಯು 2013ರಲ್ಲಿ ಈ ಏರ್ಪಾಟನ್ನು ಜಗತ್ತಿನ ಬೇರೆ ಕಚೇರಿಗಳಿಗೂ ಹಬ್ಬಿಸುವುದಾಗಿ ಸಾರಿತು.

ಬೆಂಗಳೂರು ಸಿಂದಗಿಗೆ ದೂರ. ಆದರೆ ಈ ವಿವೇಕಕ್ಕೆ ದೊಡ್ಡ ಕಂಪನಿಯೇ ಬೇಕೆಂದಿಲ್ಲ. ಇಂಡಿಯ ನಿಂಬೆಯನ್ನು ಗಾತ್ರ ನೋಡಿ ಬೇರ್ಪಡಿಸುವುದು, ಅಡತಿ ಅಂಗಡಿಯ ತೂಕದ ಲೆಕ್ಕ, ತಹಶೀಲ ಕಚೇರಿಯ ಹಳೆಯ ಕಾಗದಗಳನ್ನು ಹೊಂದಿಸುವುದು, ಊರ ಗ್ರಂಥಾಲಯದ ಪುಸ್ತಕಗಳನ್ನು ಅಣಿಯಾಗಿಡುವುದು ಇಂಥ ಎಷ್ಟೋ ಕೆಲಸಗಳು ತಪ್ಪಿಲ್ಲದ ಕಣ್ಣಿಗಾಗಿ ಕಾಯುತ್ತಿವೆ. ಬೇಕಾದುದು ಇಷ್ಟೆ: ಹೇಳಬೇಕಾದುದನ್ನು ಸುತ್ತುಬಳಸದೆ ಹೇಳುವುದು, ದಿನದ ಕ್ರಮವನ್ನು ಹಠಾತ್ತನೆ ಬದಲಿಸದಿರುವುದು, ಗದ್ದಲವಿಲ್ಲದ ಒಂದು ಮೂಲೆ. ಮೌನವಾಗಿರುವವರಿಗೆಲ್ಲ ರೋಗದ ಹೆಸರು ಅಂಟಿಸಬೇಕಾಗಿಲ್ಲ. ಅದು ವೈದ್ಯರ ಕೆಲಸ. ಈ ಹರವಿನಲ್ಲಿರುವ ಎಲ್ಲರೂ ಲೆಕ್ಕದಲ್ಲಿ ಜಾಣರೆಂದೂ ಅಲ್ಲ. ಜೀವನವಿಡೀ ಆಸರೆ ಬೇಕಾದವರೂ ಇದ್ದಾರೆ, ಅವರ ಮಾನ ಕಡಿಮೆಯದಲ್ಲ.

ಬಸವನ ಬಾಗೇವಾಡಿಯ ನೆಲ ಕಾಯಕಕ್ಕೆ ಮೇಲುಕೀಳಿಲ್ಲವೆಂಬ ಮಾತನ್ನು ಎಂಟುನೂರು ವರ್ಷಗಳಿಂದ ಕೇಳುತ್ತ ಬಂದಿದೆ. ಕಾಯಕ ಮಾಡುವ ಮನಸ್ಸುಗಳಲ್ಲಿಯೂ ಮೇಲುಕೀಳಿಲ್ಲವೆಂಬುದನ್ನು ಅದಕ್ಕೆ ಸೇರಿಸಿಕೊಳ್ಳಬೇಕಾಗಿದೆ. ಮುಂದಿನ ಹಿಂಗಾರಿಯಲ್ಲಿ, ಬಿಳಿಜೋಳದ ಹೊಲದ ಬದುವಿನ ಮೇಲೆ ನಿಂತು ಸಾಲು ಎಣಿಸುವ ಹುಡುಗನೊಬ್ಬ ಕಂಡರೆ ನಗುವ ಮೊದಲು ಆ ರೈತ ದಂಪತಿಗಳನ್ನು ನೆನೆಯೋಣ. ಎಣಿಸುವುದನ್ನು ನಿಲ್ಲಿಸೆಂದು ಗದರುವುದು ಸುಲಭ. ಅವರು ನೇಗಿಲ ಮೇಣಿಯನ್ನು ಅವನ ಕೈಗೆ ಕೊಟ್ಟರು.