ರಾಮಕೃಷ್ಣ ಹೆಗಡೆ: ದಿಲ್ಲಿ ಮುಂದೆ ರಾಜ್ಯದ ಹಕ್ಕು ಕೇಳಿದ ಮುಖ್ಯಮಂತ್ರಿ

ನಾಗಮಂಗಲ: ತಾಲೂಕಿನ ಹಿರಿಯರಿಗೆ ‘ಮಂಡಲ ಪಂಚಾಯ್ತಿ’ ನೆನಪಿರಬಹುದು. ಅದನ್ನು ತಂದಿದ್ದು ರಾಮಕೃಷ್ಣ ಹೆಗಡೆ ಸರ್ಕಾರ. ಉತ್ತರ ಕನ್ನಡದ ಸಿದ್ದಾಪುರ ಕಡೆಯ ಹೆಗಡೆ (1926–2004) 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಮಾರ್ಚ್‌ನಲ್ಲೇ ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆಸಿ, ರಾಜ್ಯಗಳಿಗೆ ಹೆಚ್ಚು ಅಧಿಕಾರ, ಹಣ ಬೇಕು ಅಂತ ಪಟ್ಟು ಹಿಡಿದರು. ಅದೇ ತಿಂಗಳು ಪ್ರಧಾನಿ ಇಂದಿರಾ ಗಾಂಧಿ ಸರ್ಕಾರಿಯಾ ಆಯೋಗ ಘೋಷಿಸಿದರು.

ದಿಲ್ಲಿಯಿಂದ ಕೇಳಿದ್ದನ್ನೇ ಹಳ್ಳಿಗೂ ಕೊಡಲು ಹೆಗಡೆ ಹೊರಟರು. ಮಂತ್ರಿ ನಜೀರ್ ಸಾಬ್ ಜೊತೆಗಿದ್ದರು. ತಮಾಷೆ ನೋಡಿ, 1983ರ ಆ ಪಂಚಾಯತ್ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿದ್ದಿದ್ದು 1985ಕ್ಕೆ. ಹಳ್ಳಿಗೆ ಅಧಿಕಾರ ಕೊಡೋಕೂ ದಿಲ್ಲಿ ಬಾಗಿಲು ಕಾಯಬೇಕಾಯ್ತು! ಚುನಾವಣೆ ನಡೆದಿದ್ದು 1987ರಲ್ಲಿ.

ಫೋನ್ ಕದ್ದಾಲಿಕೆ ಆರೋಪದಿಂದ 1988ರಲ್ಲಿ ಹೆಗಡೆ ರಾಜೀನಾಮೆ ಕೊಟ್ಟರು. ನಂತರ ಬಂದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು 1989ರಲ್ಲಿ ಕೇಂದ್ರ ವಜಾ ಮಾಡಿತು. ಅದು ತಪ್ಪು, ಬಹುಮತ ಸದನದಲ್ಲೇ ಸಾಬೀತಾಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 1994 ಆಗಿತ್ತು.