ಬರದವರು ಹೋದ್ರು, ಆಸ್ಟರಿಕ್ಸ್ ಉಳದ

ಆಸ್ಟರಿಕ್ಸ್ ಅಂದ್ರ ನಿಮ್ಮ ಮನಿ ಹುಡುಗೂರಿಗೆ ಗೊತ್ತಿರತದ ನೋಡ್ರಿ. ಕ್ರಿಸ್ತಪೂರ್ವ 50ರ ಮಾತು. ಈಗಿನ ಫ್ರಾನ್ಸಿಗೆ ಆಗ ಗಾಲ್ ಅಂತಿದ್ರು. ಜೂಲಿಯಸ್ ಸೀಸರ್ ಅದನ್ನ ಗೆದ್ದಿದ್ದು ಖರೇ ಇತಿಹಾಸ. ಸಮುದ್ರದ ದಂಡಿಗಿನ ಒಂದೇ ಒಂದು ಹಳ್ಳಿ ಅವಗ ಸೊಪ್ಪು ಹಾಕಲಿಲ್ಲ ಅನ್ನೋದು ಕಥಿ. ಊರ ಪಂಡಿತಜ್ಜ ಕುದಿಸಿದ ಕಷಾಯ ಒಂದು ಗುಟುಕು ಕುಡದ್ರ ಸಾಕು, ಗಿಡ್ಡ ಆಸ್ಟರಿಕ್ಸ್ ರೋಮಿನ ಸಿಪಾಯಿಗಳನ್ನ ಎತ್ತಿ ಒಗೀತಾನ. ಡೊಳ್ಳುಹೊಟ್ಟಿ ಗೆಳೆಯಾ ಓಬೆಲಿಕ್ಸ್ ಸಣ್ಣಾಂವ ಇದ್ದಾಗ ಆ ಹಂಡೇದಾಗೇ ಬಿದ್ದಿದ್ದ, ಅವಗ ಕುಡಿಯೋದು ಬ್ಯಾಡೇ ಬ್ಯಾಡ! ನನ್ನ ಮಗ ಲೈಬ್ರರಿಯಿಂದ ಈ ಪುಸ್ತಕ ತರ್ತಿದ್ದ. ಇಂಗ್ಲಿಷು ನನಗ ಅರ್ಧ ತಿಳೀತಿತ್ತು, ಚಿತ್ರ ಪೂರಾ ತಿಳೀತಿತ್ತು.

ಇದನ್ನ ಹುಟ್ಟಿಸಿದವರು ಇಬ್ಬರು. ಕಥಿ, ಮಾತು ರೆನೆ ಗೊಸಿನಿ ಅವರದು. ಚಿತ್ರ ಆಲ್ಬೆರ್ ಉದೆರ್ಜೊ ಅವರದು. 1959ರ ಅಕ್ಟೋಬರ್ 29ಕ್ಕ 'ಪಿಲೋತ್' ಅನ್ನೋ ಪತ್ರಿಕೆಯಲ್ಲಿ ಶುರು ಆತು. 1977ರ ನವೆಂಬರ್ 5ಕ್ಕ ಗೊಸಿನಿ ಹೃದಯದ ತಪಾಸಣಿಗೆ ಡಾಕ್ಟರ ಕಡೆ ಹೋದ್ರು. ತಪಾಸಣಿ ನಡದಾಗೇ ಹೃದಯ ನಿಂತುಬಿಡ್ತು. ಬರೇ 51 ವರ್ಷ.

ಆಗ 24ನೇ ಕಥಿ ನಡದಿತ್ತು, ಬೆಲ್ಜಿಯಮ್ಮಿಗೆ ಹೋಗಿದ್ದು. ಚಿತ್ರ ಇನ್ನೂ ಮುಗದಿರಲಿಲ್ಲ. ಉದೆರ್ಜೊ ಒಬ್ಬರೇ ಕೂತು ಮುಗಿಸಿದ್ರು, 1979ರಲ್ಲಿ ಪುಸ್ತಕ ಬಂತು. ಅದರ ಕಡೀ ಕಡೀ ಪುಟ ತಗದು ನೋಡ್ರಿ. ಆಕಾಶ ಕಪ್ಪಾಗ್ತದ, ಮಳಿ ಹಿಡೀತದ. ನಗಸೋ ಪುಸ್ತಕದಾಗ ಒಂದು ಮಾತೂ ಆಡದೆ ಗೆಳೆಯಗ ಕಣ್ಣೀರು ಹಾಕಿದ್ದು ಹಂಗ.

ಮುಂದ ಬಿಡೋದೋ, ನಡಸೋದೋ? ಉದೆರ್ಜೊ ಸ್ವಂತ ಪ್ರಕಾಶನ ತಗದು ಅದಕ್ಕ 'ಆಲ್ಬೆರ್-ರೆನೆ' ಅಂತ ಇಬ್ಬರ ಹೆಸರೂ ಇಟ್ರು. 1980ರಿಂದ ಕಥಿನೂ ಅವರೇ ಬರದ್ರು, ಚಿತ್ರನೂ ಅವರೇ ತಗದ್ರು. 1987ರ ಕಥಿಯೊಳಗ ಆಸ್ಟರಿಕ್ಸ್ ಹಾರೋ ಚಾಪಿ ಮ್ಯಾಲೆ ನಮ್ಮ ಹಿಂದುಸ್ತಾನಕ್ಕೂ ಬಂದ! ಮಳಿ ಬರದಿದ್ರ ರಾಜಕುಮಾರೀನ್ನ ಬಲಿ ಕೊಡ್ತಾರ. ಆ ಹಳ್ಳಿಯ ಹಾಡುಗಾರ ಎಷ್ಟು ಕೆಟ್ಟ ಹಾಡ್ತಾನಂದ್ರ ಹಾಡಿದ್ರ ಮಳಿನೇ ಬರ್ತದ. ಅವನ ಧ್ವನಿ ಕಟ್ಟಿದಾಗ ಆನಿ ಹಾಲು, ಆನಿ ಲದ್ದಿ, ಆನಿ ಕೂದಲಾ ಕೂಡಿಸಿ ಸ್ನಾನ ಮಾಡಸ್ತಾರ. ನಮ್ಮ ರಾಗಕ್ಕ ಮಳಿ ಬಂದ ಕಥಿ ಕೇಳಿದವರಿಗೆ ಇದು ಭಾಳ ನಗು ತರ್ತದ.

ಆದ್ರ ಓದುಗರು ಬಿಡಲಿಲ್ಲ, "ಚಿತ್ರ ಅದೇ ಅದ, ಮಾತಿನ ಹದ ಗೊಸಿನಿದಲ್ಲ" ಅಂದ್ರು. ಖರೇ ಅದ. ನಮ್ಮ ಅತ್ತಿಯವರು ಹೋದಮ್ಯಾಲೆ ನಾ ಮಾಡಿದ ಸಾರಿಗೂ ಮನಿಯವರು ಹಂಗೇ ಅಂತಿದ್ರು. ಹಂಗಂತ ಒಲಿ ಆರಸಲಿಕ್ಕೆ ಆಗ್ತದೇನ್ರಿ?

ತಮ್ಮ ನಂತರ ಆಸ್ಟರಿಕ್ಸ್ ಬ್ಯಾಡ ಅಂತಿದ್ದ ಉದೆರ್ಜೊ ಅವರೂ ಆಮ್ಯಾಲೆ ಮನಸು ಬದಲು ಮಾಡಿದ್ರು. 2013ರಲ್ಲಿ ಜ್ಯಾಂ-ಈವ್ ಫೆರಿ ಕಥಿ ಬರದ್ರು, ದಿದಿಯೆ ಕೊನ್ರಾದ್ ಚಿತ್ರ ತಗದ್ರು. ತಾವು ಕಣ್ಣು ಮುಚ್ಚೋಕಿಂತ ಮೊದಲೇ ಬ್ಯಾರೆಯವರ ಕೈಯಾಗ ಲೇಖಣಿ ಕೊಟ್ಟು, ಉದೆರ್ಜೊ 2020ರ ಮಾರ್ಚಿನಲ್ಲಿ ತೀರಿಕೊಂಡ್ರು. 2023ರ ಪುಸ್ತಕಕ್ಕ ಕಥಿ ಬರದವರು ಮತ್ತೊಬ್ಬರು.

ಹೊಸ ಕೈ ಬಂದಾಗ ಹಳೇ ರುಚಿ ಹುಡುಕೋದು ಬಿಡೋದಿಲ್ಲ ನಾವು. ಹುಡುಕ್ರಿ. ಆದ್ರ ಹೊಸಬರಿಗೆ ಒಂದು ಸೌಟು ಹೆಚ್ಚಿಗಿ ಬಡಸ್ಕೊಂಡು ನೋಡೋದು ನಮ್ಮ ಧರ್ಮ.